ಈ ಹೀರೋಗೆ ಎಲ್ಲಿಂದ ಎಲ್ಲಿಗೆ ಟಿಕೆಟ್ ಹರಿಯೋದು?

ಸಿನಿಮಾದ ಹೆಸರು ಬೇಡ. ನಿನ್ನೆ ರಾತ್ರಿ ನೋಡಿದ್ದು, ಸಿಟ್ಟು ಇನ್ನೂ ಇಳಿದಿಲ್ಲ. ಶುರುವಿಗೇ ಟಿವಿ ತುಂಬಾ ದಪ್ಪಕ್ಷರದಲ್ಲಿ 'ದಾವಣಗೆರೆ' ಅಂತ ಬಂತು. ಬೆಣ್ಣೆ ದೋಸೆ ಹೆಂಚು ತೋರಿಸಿದರು, ಮಂಡಕ್ಕಿ-ಮಿರ್ಚಿ ತೋರಿಸಿದರು. ಮನೆಮಂದಿಯೆಲ್ಲ ನೆಟ್ಟಗೆ ಕೂತೆವು. ಆಮೇಲೆ ಹೀರೋ ಬಾಯಿಬಿಟ್ಟ.

"ಯವ್ವಾ, ನಾ ಹೊಂಟೇನಿ. ನೀ ಉಣ್ಕೋ ಕಣವ್ವೋ. ಲೇಟಾಯ್ತು ಮಾರ್ರೆ."

"ಏ, ನಿಲ್ಸಲೇ ಅದನ್ನ!" ಅಂದರು ದೊಡ್ಡಪ್ಪ. ನಾನು ನಿಲ್ಲಿಸುವ ಮೊದಲೇ ರಿಮೋಟ್ ಅವರ ಕೈಯಲ್ಲಿತ್ತು.

ದೊಡ್ಡಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹರಪನಹಳ್ಳಿ, ಜಗಳೂರು, ಹೊನ್ನಾಳಿ, ಎಲ್ಲಾ ರೂಟೂ ತಿರುಗಿದ್ದಾರೆ. ಟಿಕೆಟ್ ಕೇಳುವ ದನಿ ಕೇಳಿಯೇ ಆಸಾಮಿ ಯಾವ ಸ್ಟಾಪಿನಲ್ಲಿ ಇಳೀತಾನೆ ಅಂತ ಹೇಳುತ್ತಿದ್ದರಂತೆ. (ಹೀಗಂತ ಅವರೇ ಹೇಳಿದ್ದು. ಸಾಕ್ಷಿಗೆ ಒಬ್ಬ ಡ್ರೈವರ್ ಇದ್ದಾರೆ, ಅವರಿಗೆ ಕಿವಿ ಸ್ವಲ್ಪ ಮಂದ.)

ಹೀರೋ ಬಾಯಿ ತೆರೆದುಕೊಂಡೇ ನಿಂತ. ದೊಡ್ಡಪ್ಪ ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಮತ್ತೆ ಹಿಂದಕ್ಕೆ. ಅದೇ ಅವ್ವ, ಅದೇ ಲೇಟು.

"ಹೊಂಟೇನಿ ಅಂದ. ಅಂದ್ರೆ ಧಾರವಾಡದಾಗೆ ಹತ್ತಿದಾನೆ. ಕಣವ್ವೋ ಅಂದ, ಅಲ್ಲಿಗೆ ಮಂಡ್ಯ ಬಂತು. ಮಾರ್ರೆ ಅಂತಾನಲ್ಲ, ಆಗ್ಲೇ ಘಟ್ಟ ಇಳಿದಾನೆ. ದಾವಣಗೆರೆ ಸ್ಟ್ಯಾಂಡಿಗೆ ಬಸ್ಸೇ ಬರ್ಲಿಲ್ಲಲ್ಲೋ! ಇವನಿಗೆ ಎಲ್ಲಿಂದ ಎಲ್ಲಿಗೆ ಅಂತ ಹರೀಲಿ ಟಿಕೆಟ್ಟು?"

"ತಾಯಿ ಧಾರವಾಡದೋಳು ಇರಬೋದು ಬಿಡ್ರಿ," ಅಂದರು ದೊಡ್ಡಮ್ಮ.

"ಸರಿ, ಅಪ್ಪ ಮಂಡ್ಯದನು ಅಂತ ಇಟ್ಕೋ. ಮಾರ್ರೆ ಅನ್ನೋದನ್ನ ಯಾರು ಕಲಿಸಿದ್ರು?"

"ಹೋಟ್ಲಾಗೆ ಕೆಲಸಕ್ಕಿದ್ನೇನೋ."

ದೊಡ್ಡಪ್ಪ ಇದನ್ನು ಗಂಭೀರವಾಗಿ ಪರಿಶೀಲಿಸಿದರು. ಆಮೇಲೆ ಪ್ಲೇ ಒತ್ತಿದರು. ತಾಯಿ ಪಾತ್ರ ಬಾಯಿಬಿಟ್ಟಿತು: "ಹೋಗಿ ಬಾ ಮಗು, ಜೋಪಾನ." ಅಪ್ಪಟ ಪಠ್ಯಪುಸ್ತಕ. ಮತ್ತೆ ಪಾಜ್.

ನಮ್ಮ ಮಾತನ್ನು ಹಿಡಿಯೋದು ಸುಲಭ ಅಂತ ನಾನು ಹೇಳುತ್ತಿಲ್ಲ. ಈ ಜಿಲ್ಲೆಯೇ 1997ರಲ್ಲಿ ಹೊಲಿಗೆ ಹಾಕಿದ್ದು. ಚಿತ್ರದುರ್ಗದಿಂದ ಒಂದಿಷ್ಟು ತಗೊಂಡು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ ತಂದು, ಬಳ್ಳಾರಿಯಿಂದ ಹರಪನಹಳ್ಳಿ ಸೇರಿಸಿದರು. ಆ ಹರಪನಹಳ್ಳಿಯೂ 2018ರಲ್ಲಿ ಬಳ್ಳಾರಿಗೆ ವಾಪಸ್ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಬೆಂಗಳೂರಿನಲ್ಲಿ ಮಾತಾಡಿದರೆ "ಹುಬ್ಳಿ ಕಡೆಯವ್ರಾ?" ಅಂತಾರೆ. ಹುಬ್ಬಳ್ಳಿಗೆ ಹೋದರೆ "ಬೆಂಗಳೂರಿನವ್ರೇನ್ರೀ?" ಅಂತಾರೆ. ಎರಡೂ ಕಡೆಯವರು ನಮ್ಮನ್ನು ಮರ್ಯಾದೆಯಿಂದ ಇನ್ನೊಬ್ಬರ ಮನೆಗೆ ದಾಟಿಸುತ್ತಾರೆ. ಸಿನಿಮಾದವರಿಗೆ ಅಷ್ಟೂ ತಾಳ್ಮೆಯಿಲ್ಲ. ತುಮಕೂರು ದಾಟಿದ ಮೇಲೆ ಸಿಕ್ಕವರಿಗೆಲ್ಲ ಒಂದು 'ರೀ ಯಪ್ಪಾ' ಅಂಟಿಸಿ ಕಳಿಸಿಬಿಡೋದು.

ಹಳೇ ಕಾಲದವರು ಏನು ಮಹಾ ಮಾಡಿದ್ದರು ಅಂತ ನಾನೇ ವಾದ ಹೂಡಿದೆ. 1972ರ 'ನಾಗರಹಾವು' ನೋಡಿ, ಕಥೆಯೆಲ್ಲ ದುರ್ಗದ್ದು. ರಾಮಾಚಾರಿಯಾದ ವಿಷ್ಣುವರ್ಧನ್ ಮೈಸೂರಿನವರು, ಚಾಮಯ್ಯ ಮೇಷ್ಟ್ರಾದ ಅಶ್ವತ್ಥ್ ಕೂಡ ಮೈಸೂರಿನವರು. ದುರ್ಗದ ಬಂಡೆ ಮೇಲೆ ನಿಂತು ಗುರು-ಶಿಷ್ಯ ಇಬ್ಬರೂ ದುರ್ಗದವರ ಹಾಗೆ ಮಾತಾಡಲೇ ಇಲ್ಲ. ಆದರೂ ಚಾಮಯ್ಯ ಮೇಷ್ಟ್ರನ್ನು ನೋಡಿ ಇದೇ ದೊಡ್ಡಪ್ಪ ಪ್ರತಿ ಸಲ ಅಳ್ತಾರೆ.

"ಅವರು ನಮ್ ಹಂಗೆ ಮಾತಾಡ್ತೀವಿ ಅಂತ ನಾಟಕ ಆಡ್ಲಿಲ್ಲಲ್ಲೋ," ಅಂದರು. ನನ್ನ ವಾದ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ರೂಮಿನಿಂದ ನನ್ನ ಮಗ ಬಂದ. ಬೆಂಗಳೂರಲ್ಲಿ ಕೆಲಸ, ರಜೆಗೆ ಬಂದಿದ್ದಾನೆ. "ಏನಾಯ್ತು ಗುರು? ಮೂವಿ ಸಖತ್ತಾಗೇ ಇದ್ಯಲ್ಲ," ಅಂದ. ಚಿಕ್ಕವನಿದ್ದಾಗ ಇದೇ ದೊಡ್ಡಪ್ಪನ ಪಂಚೆ ಜಗ್ಗಿ "ಅಜ್ಜಾ, ಹೋಗಾನ ಬಾ" ಅಂತಿದ್ದ ಹುಡುಗ. ಇವನನ್ನು ಯಾವ ಸ್ಟಾಪಿನಲ್ಲಿ ಇಳಿಸ್ತಾರೋ ಅಂತ ಕಾದೆ. ದೊಡ್ಡಪ್ಪ ಅವನ ಮುಖ ಒಂದು ಕ್ಷಣ ನೋಡಿದರು. "ಕುಂತ್ಕೋ ಬಾ," ಅಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಕೊನೆಗೆ ಖಳನಾಯಕ ಬಂದ. ಮುಂಬೈ ಕಡೆಯ ಮುಖ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ದನಿ ಯಾರೋ ಡಬ್ಬಿಂಗ್ ಕಲಾವಿದರದ್ದು.

"ಯಾಕಲೇ, ಎಲ್ಲಿಗ್ ಹೊಂಟೀಯ? ಬಾ ಇಲ್ಲಿ."

ದೊಡ್ಡಪ್ಪ ಎದ್ದೇ ನಿಂತರು. "ಇವನು ನೋಡಲೇ ನಮ್ಮನು! ಹರಿಹರ. ಹೊಳೆಯಿಂದ ಈ ಕಡೆ."

ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಯಾರೂ ಹೀರೋ ಪರ ಇರಲಿಲ್ಲ. ಅವನು ಹೊಡೆದಾಗಲೆಲ್ಲ ದೊಡ್ಡಮ್ಮ ಲೊಚಗುಟ್ಟಿದರು. ಪಾಜು, ಪ್ಲೇ, ಪಂಚಾಯ್ತಿ ಎಲ್ಲ ಸೇರಿ ಮುಗಿಯುವಾಗ ಮಧ್ಯರಾತ್ರಿ. ಹೀರೋನ ತಂಗಿಯನ್ನು ಕೊಂದವರು ಯಾರು ಅನ್ನೋದೇ ಕಥೆಯ ಗುಟ್ಟು, ಅದು ಮಾತ್ರ ನಮಗೆ ತಿಳಿಯಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ದೊಡ್ಡಪ್ಪನನ್ನು ಕೇಳಿದೆ.

"ಯಾರಾದ್ರೂ ಆಗಿರ್ಲಿ," ಅಂದರು, "ಹರಿಹರದನು ಅಂಥಾ ಕೆಲಸ ಮಾಡಲ್ಲ ಬಿಡು."