ಹೈಸ್ಮನ್ ಸಿಗದವರಲ್ಲಿ ದೊಡ್ಡವನು ಮ್ಯಾನಿಂಗ್ ಅಲ್ಲ

ಪೇಟನ್ ಮ್ಯಾನಿಂಗ್‌ಗೆ 1997ರಲ್ಲಿ ಮೋಸ ಆಯ್ತು ಅನ್ನೋರ ಜೊತೆ ನನ್ನದೊಂದು ತಕರಾರಿದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿ ಕೈತಪ್ಪಿದ ಕ್ವಾರ್ಟರ್‌ಬ್ಯಾಕ್‌ಗಳ (ಚೆಂಡು ಎಸೆದು ಆಕ್ರಮಣ ನಡೆಸೋರ) ಮಾತು ಎದ್ದ ಕೂಡಲೇ ಮೊದಲು ಬರೋದು ಅವನ ಹೆಸರೇ. ಅಮೆರಿಕಕ್ಕೆ ಓದಲು ಹೋಗಿ ಅಲ್ಲೇ ನೆಲೆಯಾದ ನಮ್ಮ ಕನ್ನಡದವರೂ ಬಹಳಷ್ಟು ಜನ ಇದನ್ನೇ ಹೇಳ್ತಾರೆ, ಟೆಕ್ಸಸ್‌ನಲ್ಲಿ ಓದಿದವರನ್ನು ಬಿಟ್ಟು. (ಅವರದ್ದು ತಮ್ಮ ಕಾಲೇಜಿನ ವಿನ್ಸ್ ಯಂಗ್ ಜಪ. ಅದಕ್ಕೆ ಆಮೇಲೆ ಬರೋಣ.) ನನ್ನ ಲೆಕ್ಕದಲ್ಲಿ ಮ್ಯಾನಿಂಗ್ ಮೊದಲ ಮೂವರಲ್ಲೂ ಇಲ್ಲ. ಮೊದಲನೆಯವನು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಟಾಮಿ ಫ್ರೇಜಿಯರ್.

ವಾದಕ್ಕೆ ಷರತ್ತು ಒಂದೇ: ಆಮೇಲೆ ಎನ್‌ಎಫ್‌ಎಲ್‌ನಲ್ಲಿ, ಅಂದ್ರೆ ವೃತ್ತಿಪರ ಲೀಗ್‌ನಲ್ಲಿ, ಮಾಡಿದ್ದನ್ನು ಇಲ್ಲಿ ತರೋ ಹಾಗಿಲ್ಲ. ತಂದರೆ ಆ ಲೀಗ್‌ನ ದಿಗ್ಗಜ ಟಾಮ್ ಬ್ರೇಡಿ ಪಟ್ಟಿಯ ತುದಿಗೆ ಹೋಗಿ ಕೂರ್ತಾನೆ. ಮಿಷಿಗನ್‌ನಿಂದ ಹೊರಬಿದ್ದು 2000ದ ಡ್ರಾಫ್ಟ್‌ನಲ್ಲಿ (ಲೀಗ್‌ನ ತಂಡಗಳು ಸರದಿಯಂತೆ ಕಾಲೇಜ್ ಆಟಗಾರರನ್ನು ಆರಿಸೋದು) 199ನೆಯವನಾಗಿ ಹೋದ ಹುಡುಗ ಕಾಲೇಜ್ ಆಟದ ಶ್ರೇಷ್ಠ ಅಂದ್ರೆ ಮಿಷಿಗನ್‌ನವರೇ ನಗ್ತಾರೆ.

ಜಗಳಕ್ಕೆ ಮುಂಚೆ ಮತ ಎಣಿಸೋದು ಹೇಗೆ ಅಂತ ತಿಳಿದಿರಬೇಕು, ಯಾಕಂದ್ರೆ ಅರ್ಧ ಗಲಾಟೆ ಹುಟ್ಟೋದೇ ಅಲ್ಲಿ. ದೇಶವನ್ನು ಆರು ವಲಯ ಮಾಡಿ, ವಲಯಕ್ಕೆ 145ರಂತೆ 870 ಪತ್ರಕರ್ತರಿಗೆ ಮತ. ಜೊತೆಗೆ ಬದುಕಿರುವ ಹಳೆಯ ವಿಜೇತರು, ಆಮೇಲೆ ಅಭಿಮಾನಿಗಳೆಲ್ಲ ಸೇರಿ ಒಂದೇ ಒಂದು ಮತ. ಪ್ರತಿಯೊಬ್ಬರೂ ಮೂರು ಹೆಸರು ಬರೀಬೇಕು: ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಎರಡನೇ ಸ್ಥಾನಕ್ಕೆ ಇಷ್ಟು ತೂಕ ಇರೋದರಿಂದ ವಿಚಿತ್ರಗಳೂ ಆಗ್ತವೆ. 2008ರಲ್ಲಿ ಅತಿ ಹೆಚ್ಚು ಮೊದಲ ಸ್ಥಾನದ ಮತ ಬಿದ್ದದ್ದು ಫ್ಲೋರಿಡಾದ ಟಿಮ್ ಟೀಬೋಗೆ, 309. ಗೆದ್ದವನು 300 ಮತದ ಸ್ಯಾಮ್ ಬ್ರಾಡ್‌ಫರ್ಡ್. ಅವನಿಗೆ ಎರಡನೇ ಸ್ಥಾನದ 315 ಮತ ಬಿದ್ದಿದ್ದವು, ಟೀಬೋಗೆ ಬರೀ 207. ಒಟ್ಟು ಅಂಕ 1,726, 1,575. ಇವರಿಬ್ಬರ ನಡುವೆ 1,604 ಅಂಕ ಇಟ್ಟುಕೊಂಡು ಟೆಕ್ಸಸ್‌ನ ಕೋಲ್ಟ್ ಮೆಕಾಯ್ ಎರಡನೆಯವನಾದ. ಅದೇ ಅಕ್ಟೋಬರ್‌ನಲ್ಲಿ ಅವನ ತಂಡ ಬ್ರಾಡ್‌ಫರ್ಡ್‌ನ ಓಕ್ಲಹೋಮಾವನ್ನು 45-35ರಲ್ಲಿ ಸೋಲಿಸಿತ್ತು! ಟೀಬೋ ಪಾಪ ಅನ್ನೋಕೆ ಬರಲ್ಲ, 2007ರದ್ದು ಅವನ ಕೈಲಿತ್ತು. ಮೆಕಾಯ್‌ನದ್ದು ನಿಜವಾದ ನೋವು.

1985ರಲ್ಲಿ ಅಯೋವಾದ ಚಕ್ ಲಾಂಗ್ ಸೋತದ್ದು ಚೆಂಡು ಹಿಡಿದು ಓಡೋದರಲ್ಲಿ ದಂತಕಥೆಯಾದ ಬೋ ಜಾಕ್ಸನ್‌ಗೆ, 45 ಅಂಕದಿಂದ. 1,509ಕ್ಕೆ 1,464. ಲಾಂಗ್‌ನನ್ನು ಎರಡನೆಯವನಾಗಿ ಬರೆದ 46 ಜನ ಅವನನ್ನೇ ಮೊದಲು ಬರೆದಿದ್ರೆ ಟ್ರೋಫಿ ಅಯೋವಾಗೆ ಹೋಗ್ತಿತ್ತು. ಆದರೂ ಬೋ ಜಾಕ್ಸನ್ ಹೆಸರು ಕೇಳಿದ ಮೇಲೆ ಯಾರೂ ಜಾಸ್ತಿ ವಾದ ಮಾಡಲ್ಲ, ನಾನೂ ಮಾಡಲ್ಲ.

ಈ ಟ್ರೋಫಿಯ ಹುಚ್ಚು ಎಷ್ಟರಮಟ್ಟಿಗಿನದು ಗೊತ್ತಾ? ನೋಟ್ರ ಡೇಮ್‌ನಲ್ಲಿ ಜೋ ಥೀಸ್‌ಮನ್ ಅಂತ ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದ. ಹೈಸ್ಮನ್‌ಗೆ ಪ್ರಾಸ ಕೂಡಲಿ ಅಂತ ಕಾಲೇಜಿನ ಪ್ರಚಾರದವರು ಮನೆತನದ ಹೆಸರನ್ನೇ "ಥೈಸ್ಮನ್" ಮಾಡಿಸಿಬಿಟ್ಟರು. ಅಪ್ಪಟ ದ್ವಿತೀಯಾಕ್ಷರ ಪ್ರಾಸ, ಹಳೆಗನ್ನಡ ಕವಿಗಳೂ ತಲೆದೂಗಬೇಕು. 1970ರ ಟ್ರೋಫಿ ಸ್ಟ್ಯಾನ್‌ಫರ್ಡ್‌ನ ಜಿಮ್ ಪ್ಲಂಕೆಟ್‌ಗೆ ಹೋಯಿತು, ಥೈಸ್ಮನ್ ಎರಡನೆಯವನು. ಹೆಸರು ಮಾತ್ರ ಹಾಗೇ ಉಳಿದುಕೊಂಡಿತು.

ಈಗ 1997. ಟೆನೆಸಿಯಲ್ಲಿ ಮ್ಯಾನಿಂಗ್ ಆ ವರ್ಷ 3,819 ಗಜ ಎಸೆದ, 36 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸೋದು) ಮಾಡಿಸಿದ. ಹಿಂದಿನ ವರ್ಷವೇ ಎನ್‌ಎಫ್‌ಎಲ್‌ಗೆ ಹಾರಬಹುದಿತ್ತು, ಕಾಲೇಜಿಗೆ ವಾಪಸ್ ಬಂದ. ಕಥೆಗೆ ಬೇಕಾದ್ದೆಲ್ಲ ಇತ್ತು. ಗೆದ್ದವನು ಮಿಷಿಗನ್‌ನ ಕಾರ್ನರ್‌ಬ್ಯಾಕ್ ಚಾರ್ಲ್ಸ್ ವುಡ್‌ಸನ್, ಅಂದ್ರೆ ಮುಖ್ಯವಾಗಿ ರಕ್ಷಣೆಯ ಆಟಗಾರ. ಟೆನೆಸಿಯವರ ಸಿಟ್ಟು ಇದೇ: ಡಿಫೆನ್ಸ್‌ನವನಿಗೆ ಕೊಟ್ಟರಲ್ಲ! ಆದರೆ ನವೆಂಬರ್ 22ರ ಪಂದ್ಯವನ್ನೊಮ್ಮೆ ನೋಡಿ. ಎದುರಾಳಿ ಓಹಾಯೋ ಸ್ಟೇಟ್, ಮಿಷಿಗನ್‌ಗೆ 20-14ರ ಗೆಲುವು. ವುಡ್‌ಸನ್ ಪಂಟ್ (ಎದುರಾಳಿ ಒದ್ದು ಕಳಿಸಿದ ಚೆಂಡು) ಹಿಡಿದು 78 ಗಜ ಓಡಿ ಟಚ್‌ಡೌನ್ ಬಾರಿಸಿದ. ಆಕ್ರಮಣಕ್ಕೂ ಇಳಿದು 37 ಗಜದ ಪಾಸ್ ಹಿಡಿದ, ಅದರಿಂದ ಇನ್ನೊಂದು ಟಚ್‌ಡೌನ್‌ಗೆ ದಾರಿಯಾಯಿತು. ಎಂಡ್ ಜೋನ್‌ನಲ್ಲಿ, ಅಂದ್ರೆ ಟಚ್‌ಡೌನ್ ಆಗೋ ಜಾಗದಲ್ಲೇ, ಎದುರಾಳಿಯ ಪಾಸ್ ಕಿತ್ತುಕೊಂಡ. ಒಂದೇ ಮಧ್ಯಾಹ್ನ, ಮೂರು ಕೆಲಸ. ಹೈಸ್ಮನ್ ಅಂಕ 1,815ಕ್ಕೆ 1,543. ಇದರಲ್ಲಿ ಮೋಸ ಎಲ್ಲಿ ಬಂತು? ಮುಂದಿನ ವರ್ಷ, 1998ರಲ್ಲಿ, ಮ್ಯಾನಿಂಗ್ ಇಲ್ಲದ ಟೆನೆಸಿ ಟೀ ಮಾರ್ಟಿನ್‌ನನ್ನು ಇಟ್ಟುಕೊಂಡು ರಾಷ್ಟ್ರೀಯ ಚಾಂಪಿಯನ್ ಆಯಿತು ಅನ್ನೋದನ್ನೂ ಮರೀಬಾರದು.

ಇನ್ನು ವಿನ್ಸ್ ಯಂಗ್. 2006ರ ಜನವರಿ 4, ರೋಸ್ ಬೌಲ್, ಅಂದ್ರೆ ಸೀಸನ್ ಮುಗಿದ ಮೇಲೆ ನಡೆಯೋ ಬೌಲ್ ಪಂದ್ಯಗಳಲ್ಲೊಂದು. ಎದುರಿಗೆ 34 ಪಂದ್ಯ ಸತತ ಗೆದ್ದಿದ್ದ ಯುಎಸ್‌ಸಿ (ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ), ಅದರಲ್ಲಿ ಇಬ್ಬರು ಹೈಸ್ಮನ್ ವಿಜೇತರು: 2004ರ ಮ್ಯಾಟ್ ಲೈನಾರ್ಟ್, 2005ರ ರೆಜಿ ಬುಷ್. ಟೆಕ್ಸಸ್ 38-33ರಲ್ಲಿ ಹಿಂದೆ. ನಾಲ್ಕನೇ ಡೌನ್, ಅಂದ್ರೆ ಕೊನೆಯ ಯತ್ನ, ಬೇಕಾದ್ದು 5 ಗಜ. ಎಸೆಯೋಕೆ ಯಾರೂ ಸಿಗಲಿಲ್ಲ. ಯಂಗ್ ಬಲಕ್ಕೆ ತಿರುಗಿ ಮೂಲೆಯ ಕಡೆ ಓಡಿದ, 8 ಗಜ, ಟಚ್‌ಡೌನ್. ಗಡಿಯಾರದಲ್ಲಿ 19 ಸೆಕೆಂಡ್ ಉಳಿದಿತ್ತು. ಆ ರಾತ್ರಿ ಎಸೆದದ್ದು 267 ಗಜ, ಓಡಿದ್ದು 200. ಟಚ್‌ಡೌನ್ ಮೂರೂ ಓಡಿಯೇ. ಕಾಲೇಜ್ ಆಟದಲ್ಲಿ ಒಬ್ಬನೇ ಆಡಿದ ಇದಕ್ಕಿಂತ ದೊಡ್ಡ ರಾತ್ರಿ ನನಗೆ ಗೊತ್ತಿಲ್ಲ.

ಆದರೆ ಟೆಕ್ಸಸ್‌ನವರು ಕಾಲಗಣನೆಯಲ್ಲಿ ಎಡವುತ್ತಾರೆ. ಹೈಸ್ಮನ್ ಮತ ಹಾಕಿ ಮುಗಿಯೋದು ಡಿಸೆಂಬರ್ ಮೊದಲ ಭಾಗದಲ್ಲೇ. ಬೌಲ್ ಪಂದ್ಯಗಳು ಶುರುವಾಗೋದೇ ಆಮೇಲೆ. ಮತ ಹಾಕಿದವರ ಕಣ್ಣಲ್ಲಿ ಆಗ ಇದ್ದದ್ದು ನವೆಂಬರ್‌ನಲ್ಲಿ ಫ್ರೆಸ್ನೋ ಸ್ಟೇಟ್ ವಿರುದ್ಧ ಬುಷ್ ಒಂದೇ ರಾತ್ರಿ ಗಳಿಸಿದ 513 ಗಜ. ಫಲಿತಾಂಶ 2,541ಕ್ಕೆ 1,608, ಹತ್ತಿರವೂ ಇರಲಿಲ್ಲ. ಅದೇ ವರ್ಷ ಯಂಗ್ 3,000 ಗಜ ಎಸೆದು 1,000 ಗಜ ಓಡಿದ ಮೊದಲಿಗನಾದ ಅನ್ನೋದು ನಿಜ, ಆದರೆ ಆ ಎರಡೂ ಗೆರೆ ದಾಟಿದ್ದು ಬೌಲ್ ಪಂದ್ಯವೂ ಸೇರಿ. ಬುಷ್ 2010ರಲ್ಲಿ ಟ್ರೋಫಿ ವಾಪಸ್ ಕೊಟ್ಟಾಗಲೂ ಅದು ಯಂಗ್‌ಗೆ ಬರಲಿಲ್ಲ, ಜಾಗ ಖಾಲಿ ಉಳಿಯಿತು. 2024ರಲ್ಲಿ ಮತ್ತೆ ಬುಷ್‌ಗೇ ಹೋಯಿತು. ಯಂಗ್‌ಗೆ ಅನ್ಯಾಯ ಮಾಡಿದ್ದು ಕ್ಯಾಲೆಂಡರ್, ಮತದಾರರಲ್ಲ. ನನ್ನ ಪಟ್ಟಿಯಲ್ಲಿ ಅವನು ಎರಡನೆಯವನು.

ಮೂರನೆಯವನು ಕ್ಲೆಮ್ಸನ್‌ನ ಡೆಶಾನ್ ವಾಟ್ಸನ್. 2016ರ ಅಕ್ಟೋಬರ್ 1ರಂದು ಲಮಾರ್ ಜಾಕ್ಸನ್‌ನ ಲೂಯಿವಿಲ್ ತಂಡವನ್ನು ಎದುರಾಬದುರು 42-36ರಲ್ಲಿ ಸೋಲಿಸಿದ. ಲೂಯಿವಿಲ್ ನವೆಂಬರ್‌ನ ಕೊನೆಯ ಎರಡು ಪಂದ್ಯವನ್ನೂ ಕಳೆದುಕೊಂಡಿತು. ಆದರೂ ಟ್ರೋಫಿ ಜಾಕ್ಸನ್‌ಗೇ. ಮತದಾರರು ಸೆಪ್ಟೆಂಬರ್‌ನಲ್ಲೇ ಮನಸ್ಸು ಮಾಡಿಬಿಟ್ಟರೆ ಹೀಗಾಗುತ್ತೆ. ವಾಟ್ಸನ್‌ನ ತಪ್ಪೂ ಇತ್ತು: ಆ ವರ್ಷ 17 ಇಂಟರ್‌ಸೆಪ್ಷನ್ (ಎದುರಾಳಿ ಕಿತ್ತುಕೊಂಡ ಪಾಸ್), ಪಿಟ್ಸ್‌ಬರ್ಗ್ ವಿರುದ್ಧ 580 ಗಜ ಎಸೆದೂ 43-42ರಲ್ಲಿ ಸೋಲು. ಜನವರಿಯಲ್ಲಿ ಅಲಬಾಮಾ ವಿರುದ್ಧ ರಾಷ್ಟ್ರೀಯ ಪಟ್ಟದ ಪಂದ್ಯದಲ್ಲಿ, ಒಂದು ಸೆಕೆಂಡ್ ಉಳಿದಾಗ ಹಂಟರ್ ರೆನ್‌ಫ್ರೋಗೆ ಎಸೆದ ಎರಡು ಗಜದ ಪಾಸ್‌ನಿಂದ 35-31. ಅದೂ ಮತ ಎಣಿಸಿದ ಮೇಲೇ.

ಉಳಿದವರನ್ನು ಬೇಗ ಮುಗಿಸ್ತೀನಿ. ಮಯಾಮಿಯ ಕೆನ್ ಡಾರ್ಸಿ, 38 ಗೆಲುವು 2 ಸೋಲು, ಆದರೆ ಸುತ್ತಲಿದ್ದವರು ಎಂಥವರು ಅಂತ ನೋಡಿದರೆ ಆ ಲೆಕ್ಕ ಸ್ವಲ್ಪ ಇಳಿಯುತ್ತೆ. ಸ್ಟ್ಯಾನ್‌ಫರ್ಡ್‌ನ ಆಂಡ್ರ್ಯೂ ಲಕ್ 2010 ಮತ್ತು 2011, ಎರಡು ಸಲವೂ ಎರಡನೆಯವನು. ಬಾಯ್ಸಿ ಸ್ಟೇಟ್‌ನ ಕೆಲೆನ್ ಮೂರ್‌ನದ್ದು ಮಾತ್ರ ಒಂದು ನಿಮಿಷ ನಿಂತು ನೋಡಬೇಕಾದ ಲೆಕ್ಕ: 50 ಗೆಲುವು, 3 ಸೋಲು. ಆ ಮೂರೂ ಸೋಲು 17-16, 34-31, 36-35. ಒಟ್ಟು ಸೇರಿಸಿ ಐದೇ ಅಂಕ. ಸಣ್ಣ ಲೀಗ್‌ನವನು ಅಂತ 2010ರಲ್ಲಿ ನಾಲ್ಕನೇ ಸ್ಥಾನಕ್ಕೆ ತಳ್ಳಿದರು. ಟೆಕ್ಸಸ್ ಟೆಕ್‌ನ ಪ್ಯಾಟ್ರಿಕ್ ಮಹೋಮ್ಸ್ 2016ರಲ್ಲಿ ಓಕ್ಲಹೋಮಾ ಎದುರು ಒಂದೇ ಪಂದ್ಯದಲ್ಲಿ 734 ಗಜ ಎಸೆದ, 66-59ರಲ್ಲಿ ಸೋತ. ಡಿಫೆನ್ಸ್ ಇಲ್ಲದ ತಂಡದಲ್ಲಿ ಗಜ ಸಿಗುತ್ತೆ, ಮತ ಸಿಗಲ್ಲ.

ಈಗ ಫ್ರೇಜಿಯರ್. 1995ರಲ್ಲಿ ಓಹಾಯೋ ಸ್ಟೇಟ್‌ನ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವ) ಎಡ್ಡಿ ಜಾರ್ಜ್‌ಗೆ 1,460 ಅಂಕ, ಫ್ರೇಜಿಯರ್‌ಗೆ 1,196. ಕಾಗದದ ಮೇಲೆ ಫ್ರೇಜಿಯರ್‌ನದ್ದು ಬಡ ಲೆಕ್ಕ: ಎಸೆದದ್ದು 1,362 ಗಜ, ಓಡಿದ್ದು 604. ಇಷ್ಟೇನಾ ಅನ್ನಿಸುತ್ತೆ. ಹಾಗನ್ನಿಸೋದು ಆಪ್ಷನ್ ಆಟದ ಲೆಕ್ಕ ಬರೆಯೋ ರೀತಿ ಗೊತ್ತಿಲ್ಲದವರಿಗೆ.

ಕೋಚ್ ಟಾಮ್ ಓಸ್ಬೋರ್ನ್ ಕಟ್ಟಿದ ನೆಬ್ರಾಸ್ಕಾದಲ್ಲಿ ಟ್ರಿಪಲ್ ಆಪ್ಷನ್ ನಡೆಯುತ್ತಿದ್ದದ್ದು ಹೀಗೆ. ಮುಂದಿನ ಸಾಲಿನ ನಡುವೆ ಇರೋ ಸೆಂಟರ್‌ನಿಂದ ಚೆಂಡು ಬಂದ ಕೂಡಲೇ ಕ್ವಾರ್ಟರ್‌ಬ್ಯಾಕ್ ಅದನ್ನು ಹಿಂದೆ ನಿಂತ ಓಟಗಾರ ಫುಲ್‌ಬ್ಯಾಕ್‌ನ ಹೊಟ್ಟೆಗೆ ಒತ್ತುತ್ತಾನೆ, ಕೈ ಮಾತ್ರ ಬಿಡಲ್ಲ. ಕಣ್ಣು ಎದುರಾಳಿ ಲೈನಿನ ಒಬ್ಬನ ಮೇಲೆ. ಆ ಒಬ್ಬನನ್ನು ಬೇಕಂತಲೇ ಯಾರೂ ತಡೆದಿರಲ್ಲ. ಅವನು ನಿಂತಲ್ಲೇ ನಿಂತರೆ ಚೆಂಡು ಫುಲ್‌ಬ್ಯಾಕ್‌ಗೆ. ಫುಲ್‌ಬ್ಯಾಕ್ ಮೇಲೆ ಬಿದ್ದರೆ ಚೆಂಡು ಎಳೆದುಕೊಂಡು ಅಂಚಿನ ಕಡೆ ಓಟ. ಅಲ್ಲಿ ಇನ್ನೊಬ್ಬ ಕಾದಿರ್ತಾನೆ. ಅವನು ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗಿದರೆ, ನಾಲ್ಕೈದು ಗಜ ಆಚೆ ಜೊತೆಗೇ ಓಡಿ ಬರ್ತಿರೋ ಇನ್ನೊಬ್ಬ ಓಟಗಾರ ಐ-ಬ್ಯಾಕ್‌ಗೆ ಎಸೆತ. ಐ-ಬ್ಯಾಕ್ ಕಡೆ ಸರಿದರೆ ತಾನೇ ಒಳಗೆ ತಿರುಗಿ ಓಟ. ಇಷ್ಟೂ ಎರಡು ಮೂರು ಸೆಕೆಂಡಿನಲ್ಲಿ. ಎಸೆತ ಬೇಗ ಆದರೆ ರಕ್ಷಕನಿಗೆ ತಿರುಗಿ ಐ-ಬ್ಯಾಕ್‌ನನ್ನು ಹಿಡಿಯೋಕೆ ಸಮಯ ಸಿಗುತ್ತೆ. ತಡ ಆದರೆ ಪಕ್ಕೆಲುಬಿಗೆ ಪೆಟ್ಟು ಬಿದ್ದು ಚೆಂಡು ನೆಲಕ್ಕೆ. ಅದು ಹಿಂದಕ್ಕೆ ಎಸೆದ ಚೆಂಡು, ಪಾಸ್ ಅಲ್ಲ, ಹಾಗಾಗಿ ನೆಲಕ್ಕೆ ಬಿದ್ದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಪೆಟ್ಟು ಬೀಳೋ ಕ್ಷಣದವರೆಗೂ ಕಾಯೋ ಧೈರ್ಯ ಇದ್ದವನಿಗೆ ಮಾತ್ರ ಈ ಆಟ ಒಲಿಯುತ್ತೆ.

ಲೆಕ್ಕದ ವಿಷಯಕ್ಕೆ ಬಂದರೆ, ಮುಂದಕ್ಕೆ ಎಸೆದ ಪಾಸ್‌ನಲ್ಲಿ 60 ಗಜ ಬಂದರೆ ಅದು ಎಸೆದವನ ಹೆಸರಿಗೂ ಬರುತ್ತೆ, ಹಿಡಿದವನ ಹೆಸರಿಗೂ ಬರುತ್ತೆ. ಆಪ್ಷನ್‌ನಲ್ಲಿ ಅದೇ 60 ಗಜ ಐ-ಬ್ಯಾಕ್‌ನ ಖಾತೆಗೆ ಮಾತ್ರ. ಇಬ್ಬರು ರಕ್ಷಕರನ್ನು ಓದಿ, ಪೆಟ್ಟು ತಿಂದು ಚೆಂಡು ದಾಟಿಸಿದವನಿಗೆ ಸೊನ್ನೆ. ಆ ವರ್ಷ ನೆಬ್ರಾಸ್ಕಾ ಪಂದ್ಯಕ್ಕೆ ಸುಮಾರು 400 ಗಜ ಓಡಿತು, ಸರಾಸರಿ 53 ಅಂಕ ಗಳಿಸಿತು. ಅತಿ ಕಡಿಮೆ ಅಂತರದ ಗೆಲುವು ಎಂದರೆ 14 ಅಂಕದ್ದು. ಪಂದ್ಯಗಳು ಹೀಗೆ ಬೇಗನೇ ಮುಗಿದುಹೋಗ್ತಿದ್ದರಿಂದ ಕೊನೆಯ ಕ್ವಾರ್ಟರ್‌ನಲ್ಲಿ ಅವನಿಗೆ ಲೆಕ್ಕ ಏರಿಸಿಕೊಳ್ಳೋ ಕೆಲಸವೂ ಇರ್ತಿರಲಿಲ್ಲ.

ಇದಕ್ಕೊಂದು ಗಟ್ಟಿ ಎದುರುವಾದ ಇದೆ. 1994ರಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಫ್ರೇಜಿಯರ್ ಹೊರಗುಳಿದಾಗ ಬ್ರೂಕ್ ಬೆರಿಂಜರ್ ಬಂದ, ತಂಡ ಗೆಲ್ತಾನೇ ಹೋಯಿತು. ಗಾಡಿಯೇ ಚೆನ್ನಾಗಿದ್ದಾಗ ಡ್ರೈವರ್ ಯಾರಾದರೇನು ಅಂತ ಕೇಳಬಹುದು. ಅದಕ್ಕೆ ಉತ್ತರ 1995ರ ಜನವರಿ 1ರ ಆರೆಂಜ್ ಬೌಲ್‌ನಲ್ಲಿದೆ. ಮಯಾಮಿ ಎದುರು 17-9ರಲ್ಲಿ ಹಿಂದೆ ಬಿದ್ದಾಗ, ಕೊನೆಯ ಕ್ವಾರ್ಟರ್‌ನಲ್ಲಿ ಓಸ್ಬೋರ್ನ್ ಇಳಿಸಿದ್ದು ಮೂರು ತಿಂಗಳು ಹೊರಗಿದ್ದ ಫ್ರೇಜಿಯರ್‌ನನ್ನೇ. ಫುಲ್‌ಬ್ಯಾಕ್ ಕೋರಿ ಶ್ಲೆಸಿಂಜರ್‌ನಿಂದ ಎರಡು ಟಚ್‌ಡೌನ್, 24-17, ರಾಷ್ಟ್ರೀಯ ಪಟ್ಟ. ಆ ಎರಡು ಓಟದಲ್ಲೂ ಫ್ರೇಜಿಯರ್‌ಗೆ ಸಿಕ್ಕಿದ್ದು ಸೊನ್ನೆ ಗಜ.

ಒಂದು ವರ್ಷದ ಮೇಲೆ ಫಿಯೆಸ್ಟಾ ಬೌಲ್, ಎದುರಿಗೆ ಸೋಲಿಲ್ಲದ ಫ್ಲೋರಿಡಾ. ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತು, ಚೆಂಡು ತಮ್ಮದೇ 25 ಗಜದ ಗೆರೆಯಲ್ಲಿ. ಫ್ರೇಜಿಯರ್ ಅಂಚಿಗೆ ಓಡಿ ಒಳಗೆ ತಿರುಗಿದ. ಫ್ಲೋರಿಡಾದವರು ಗುಂಪಾಗಿ ಸುತ್ತಿಕೊಂಡರು. ಒಬ್ಬ ಸೊಂಟ ಹಿಡಿದ, ಇನ್ನೊಬ್ಬ ಬೆನ್ನಿಗೆ ಜೋತುಬಿದ್ದ. ಅವನ ಓಟ ನಡಿಗೆಯಷ್ಟು ನಿಧಾನವಾಯಿತು, ಕಾಲು ಮಾತ್ರ ನಿಲ್ಲಲಿಲ್ಲ. ಆ ಗುಂಪಿನಿಂದ ಒಬ್ಬನೇ ಹೊರಬಿದ್ದು 75 ಗಜ ಓಡಿ ಮುಟ್ಟಿಸಿದ. 62-24. ಅವತ್ತು ಅವನೊಬ್ಬನೇ ಓಡಿದ್ದು 199 ಗಜ. ಆಗಿನ ನಿಯಮದಂತೆ ಬೌಲ್ ಪಂದ್ಯದ ಗಜಗಳು ಅಧಿಕೃತ ಲೆಕ್ಕಕ್ಕೇ ಸೇರ್ತಿರಲಿಲ್ಲ, ಹಾಗಾಗಿ ಮೇಲಿನ 604ರಲ್ಲಿ ಇದು ಇಲ್ಲ. ಸ್ಟಾರ್ಟರ್ ಆಗಿ (ಪಂದ್ಯದ ಶುರುವಿಗೇ ಇಳಿದವನಾಗಿ) 33 ಗೆಲುವು, 3 ಸೋಲು, ಸತತ ಎರಡು ಪಟ್ಟ.

ಯಂಗ್‌ನಂತೆ ಇವನ ದೊಡ್ಡ ರಾತ್ರಿಯೂ ಮತದ ಆಮೇಲೆಯೇ ಬಂತು, ಒಪ್ತೀನಿ. ವ್ಯತ್ಯಾಸ ಇಷ್ಟೇ: ಯಂಗ್‌ನ ಆಟ ಡಿಸೆಂಬರ್‌ವರೆಗೂ ಕಾಗದದ ಮೇಲೆ ಕಾಣಿಸ್ತಿತ್ತು, ಫ್ರೇಜಿಯರ್‌ನದ್ದನ್ನು ಕಾಗದ ಹಿಡಿಯಲೇ ಇಲ್ಲ. ಮತದಾರರು ನೋಡಿದ್ದು ಕಾಗದ. ಜಾರ್ಜ್‌ನ ಓಹಾಯೋ ಸ್ಟೇಟ್ ಕೊನೆಯ ಪಂದ್ಯದಲ್ಲಿ ಮಿಷಿಗನ್‌ಗೆ 31-23ರಲ್ಲಿ ಸೋತಿದ್ದೂ ಅವರಿಗೆ ಅಡ್ಡ ಬರಲಿಲ್ಲ.

ಹಾಗಾಗಿ ನನ್ನ ಕ್ರಮ ಫ್ರೇಜಿಯರ್, ಯಂಗ್, ವಾಟ್ಸನ್, ಆಮೇಲೆ ಮ್ಯಾನಿಂಗ್. ಮ್ಯಾನಿಂಗ್ ನಾಲ್ಕನೆಯವನಾ ಅಂತ ಹುಬ್ಬೇರಿಸೋರು ಅವನು ಸೀಸನ್ ಪೂರ್ತಿ ಸ್ಟಾರ್ಟರ್ ಆಗಿದ್ದ ಮೂರು ವರ್ಷ ಫ್ಲೋರಿಡಾ ವಿರುದ್ಧದ ಸ್ಕೋರ್ ಒಮ್ಮೆ ತೆಗೆದು ನೋಡಿ. 1995ರಲ್ಲಿ 62-37, 1996ರಲ್ಲಿ 35-29, 1997ರಲ್ಲಿ 33-20. ಮೂರರಲ್ಲೂ ಮೊದಲ ಸಂಖ್ಯೆ ಫ್ಲೋರಿಡಾದ್ದು.