ಸಿಬ್ಬಂದಿ ಶಾಖೆಯ ಹುಟ್ಟುಹಬ್ಬ

ವಿಶ್ವವಿದ್ಯಾಲಯದ ಸಿಬ್ಬಂದಿ ಶಾಖೆಯಲ್ಲಿ ಮನುಷ್ಯನ ಮಾತಿಗೆ ಕಿಮ್ಮತ್ತಿಲ್ಲ, ಅವನ ಸೇವಾ ಪುಸ್ತಕ ಹೇಳಿದ್ದೇ ಮಾತು. ಎದುರಿಗೆ ನಿಂತು "ನಾನೇ ಮೇಡಂ ಅವನು" ಎಂದು ಎಷ್ಟು ಅಂಗಲಾಚಿದರೂ ನಮ್ಮ ಕೇಸ್‌ವರ್ಕರ್ ಮೇಡಂ ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಇರಿ, ಎಸ್.ಆರ್. ತರಿಸ್ತೀನಿ" ಎನ್ನುತ್ತಾರೆ. ಆ ಸರ್ವಿಸ್ ರಿಜಿಸ್ಟರು ಕಬ್ಬಿಣದ ಬೀರುವಿನಿಂದ ಇಳಿದು, ಧೂಳು ಕೊಡವಿಸಿಕೊಂಡು, ಸಾಕ್ಷಿ ಹೇಳುವವರೆಗೆ ಬಂದವರು ಬರೀ ಗಾಳಿಸುದ್ದಿ.

ಅಲ್ಲಿ ಅಧೀಕ್ಷಕನಾಗಿ ಕೂತವನು ನಾನು. ನನ್ನ ಅನುಭವದಲ್ಲಿ ಸೇವಾ ಪುಸ್ತಕದ ಮೊದಲ ಪುಟದಷ್ಟು ಸ್ವಾರಸ್ಯವಾದ ಓದು ನಮ್ಮ ಗ್ರಂಥಾಲಯದಲ್ಲೂ ಇಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಎತ್ತರ, ಮೈಮೇಲಿನ ಗುರುತು, ಬೆರಳಚ್ಚು ಎಲ್ಲ ಅದರಲ್ಲಿರುತ್ತವೆ. ಈ ಪುಟದ ನಮೂದುಗಳನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಮರುದೃಢೀಕರಿಸಬೇಕು, ಬೆರಳಚ್ಚನ್ನು ಮಾತ್ರ ಮತ್ತೆ ಪಡೆಯಬೇಕಿಲ್ಲ ಎಂಬುದು ಹಳೆಯ ನಿಯಮ. ಬೆರಳು ಬದಲಾಗುವುದಿಲ್ಲ, ಆದರೆ ನೌಕರ ಐದು ವರ್ಷದಲ್ಲಿ ಎರಡಂಗುಲ ಬೆಳೆದುಬಿಡಬಹುದು ಎಂಬ ಆಸೆ ಸರ್ಕಾರಕ್ಕೆ ಇದ್ದೇ ಇದೆ.

ಪ್ರಾಣಿಶಾಸ್ತ್ರದಲ್ಲಿ ರೀಡರ್ ಹುದ್ದೆಯಲ್ಲಿದ್ದ ಅಧ್ಯಾಪಕರೊಬ್ಬರ ಪುಸ್ತಕದಲ್ಲಿ "ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ" ಎಂದಿತ್ತು. ಅವರು ಮಗಳ ಮದುವೆಗೆ ಮುಂಚೆ ಚರ್ಮದ ಡಾಕ್ಟರ ಬಳಿ ಹೋಗಿ ಅದನ್ನು ತೆಗೆಸಿಕೊಂಡಿದ್ದರು, ಫೋಟೋದಲ್ಲಿ ಚೆನ್ನಾಗಿ ಕಾಣಬೇಕಲ್ಲ. ಮರುದೃಢೀಕರಣಕ್ಕೆ ಬಂದಾಗ ಮೇಡಂ ಪುಸ್ತಕ ನೋಡಿದರು, ಕೆನ್ನೆ ನೋಡಿದರು, ಮತ್ತೆ ಪುಸ್ತಕ ನೋಡಿದರು.

"ಸಾರ್, ಮಚ್ಚೆ ಎಲ್ಲಿ?"

"ತೆಗೆಸಿದೆ."

"ಇಲಾಖೆಯ ಪೂರ್ವಾನುಮತಿ ತಗೊಂಡಿದ್ರಾ?"

ಮೇಡಂ ತಮಾಷೆಗೆ ಹೇಳಿದ್ದೋ ನಿಜಕ್ಕೂ ಕೇಳಿದ್ದೋ ನನಗೆ ಇವತ್ತಿಗೂ ಖಾತ್ರಿಯಿಲ್ಲ. ರೀಡರು ಮಾತ್ರ ಮಾರನೆಯ ದಿನವೇ, ಸದರಿ ಮಚ್ಚೆಯನ್ನು ತಾವೇ ತೆಗೆದದ್ದು ಹೌದೆಂದು ಡಾಕ್ಟರು ಬರೆದುಕೊಟ್ಟ ಪ್ರಮಾಣಪತ್ರ ತಂದರು. ಅದನ್ನು ಕಡತಕ್ಕೆ ಲಗತ್ತಿಸಲಾಗಿದೆ.

ಹೀಗೆ ನೆಮ್ಮದಿಯಾಗಿ ನಡೆಯುತ್ತಿದ್ದ ಸಂಸಾರಕ್ಕೆ ಹೊಸ ತಂತ್ರಾಂಶ ಬಂತು. ಬೋಧಕ, ಬೋಧಕೇತರ ಎನ್ನದೆ ಎಲ್ಲ ನೌಕರರೂ ತಂತಮ್ಮ ವಿವರಗಳನ್ನು ಕಂಪ್ಯೂಟರಿನಲ್ಲಿ ತುಂಬತಕ್ಕದ್ದು, ತಪ್ಪಿದಲ್ಲಿ ಮುಂದಿನ ತಿಂಗಳ ಸಂಬಳ ತಡೆಹಿಡಿಯಲಾಗುವುದು ಎಂದು ಸುತ್ತೋಲೆ ಹೊರಟಿತು. ಮೇಲೆ ಕೆಂಪು ಶಾಯಿಯಲ್ಲಿ "ಅತಿ ತುರ್ತು" ಎಂದು ಬರೆದಿತ್ತು. ನಮ್ಮದು ದೊಡ್ಡ ಆವರಣ. ಜಾವಕ ಶಾಖೆಯಿಂದ ಹೊರಟ ಟಪಾಲು ಆಚೆ ತುದಿಯ ಭೂವಿಜ್ಞಾನ ವಿಭಾಗ ಮುಟ್ಟುವ ಹೊತ್ತಿಗೆ ಕೊಟ್ಟ ಗಡುವು ಸಂದುಹೋಗಿರುತ್ತದೆ. ಇದರಿಂದ ಭೂವಿಜ್ಞಾನದವರಿಗೆ ಬೇಸರವೇನಿಲ್ಲ. ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಬದುಕುವ ಜನ ಅವರು.

ಈ ತಾಪತ್ರಯವೇ ಬೇಡವೆಂದು ಯಾರೋ ಉತ್ಸಾಹಿ ಅದೇ ಸುತ್ತೋಲೆಯನ್ನು ನೌಕರರ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿದರು. ಅದನ್ನು ಟೈಪಿಸಿದ್ದು ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಫೋನಿನಲ್ಲಿ ತೆರೆದವರಿಗೆ ಕನ್ನಡದ ಬದಲು ತಲೆಯ ಮೇಲೆ ಚುಕ್ಕಿ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ದೊಂಬಿ ಕಂಡಿತು. ಸರ್ಕಾರಿ ನೌಕರನ ವಿಶೇಷವೆಂದರೆ, ಓದಲಾಗದ ಆದೇಶ ಬಂದರೆ ಅದು ತುಟ್ಟಿಭತ್ಯೆಯದೇ ಇರಬೇಕೆಂದು ನಂಬುತ್ತಾನೆ. ಅರ್ಧ ಗಂಟೆಯಲ್ಲಿ ಕ್ಯಾಂಟೀನಿನಲ್ಲಿ ಡಿಎ ಶೇಕಡಾ ಎಷ್ಟು ಏರಿತೆಂಬುದರ ಬಗ್ಗೆ ಎರಡು ಬಣಗಳಾದವು, ಒಬ್ಬರು ಬಾಕಿಯ ಲೆಕ್ಕವನ್ನೂ ಹಾಕಿದ್ದರು. ನಿಜ ಗೊತ್ತಾದ ಮೇಲೆ ಎರಡು ಬಣವೂ ಒಂದಾಗಿ ನಮ್ಮ ಶಾಖೆಯನ್ನು ಬೈದವು.

ತಂತ್ರಾಂಶವನ್ನು ಕನ್ನಡಿಗರ ಹೆಸರು ಗೊತ್ತಿಲ್ಲದವರು ಯಾರೋ ಮಾಡಿದ್ದಿರಬೇಕು. ಮೊದಲ ಹೆಸರು, ನಡು ಹೆಸರು, ಕೊನೆಯ ಹೆಸರು ಎಂದು ಮೂರು ಮನೆ, ಮೂರನ್ನೂ ತುಂಬದೆ ಮುಂದಕ್ಕೆ ಹೋಗುವಂತಿಲ್ಲ. ನಮ್ಮ ಕಡೆ ಹೆಸರಿನ ಮುಂದೆ ಎರಡು ಇನಿಷಿಯಲ್ಲು, ಒಂದು ಊರಿನದು, ಇನ್ನೊಂದು ಅಪ್ಪನದು. ಕೊನೆಯ ಹೆಸರೆಂದರೆ ಯಾವುದು? ಕೆಲವರು ಊರು ಹಾಕಿದರು, ಕೆಲವರು ಅಪ್ಪನನ್ನು ಹಾಕಿದರು. ಜಾಣರು ಎನ್.ಎ. ಎಂದು ಹಾಕಿ, ಅನ್ವಯಿಸುವುದಿಲ್ಲ ಎಂಬರ್ಥದಲ್ಲಿ, ಕೈ ತೊಳೆದುಕೊಂಡರು. ಹೊಸ ಗುರುತಿನ ಚೀಟಿಗಳು ಅಚ್ಚಾಗಿ ಬಂದಾಗ ನೋಡಿದರೆ ಅವರೆಲ್ಲರ ಹೆಸರಿನ ಹಿಂದೆಯೂ ದಪ್ಪಕ್ಷರದಲ್ಲಿ ಎನ್.ಎ. ಪರೀಕ್ಷಾ ವಿಭಾಗದವರು, ತೋಟದ ಮಾಲಿಗಳು, ಇಬ್ಬರು ಡೀನರು, ಎಲ್ಲ ಒಂದೇ ವಂಶ. ನಾಗಮಂಗಲದ ಕಡೆಯ ಗುಮಾಸ್ತರೊಬ್ಬರು "ನಮ್ಮೂರಿನವರು ಇಷ್ಟು ಜನ ಇಲ್ಲಿದ್ದಾರೆ ಅಂತ ಗೊತ್ತೇ ಇರಲಿಲ್ಲ" ಎಂದು ಸಂತೋಷಪಟ್ಟರು. ಅವರ ಸಂತೋಷ ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ನಾಮನಿರ್ದೇಶನದ ಕಥೆ ಬೇರೆ. ನೌಕರ ತೀರಿಕೊಂಡರೆ ಉಪದಾನದ (ಗ್ರಾಚ್ಯುಟಿ) ಹಣ ಯಾರಿಗೆ ಎಂದು ಬರೆದುಕೊಡುವ ನಮೂನೆ ಅದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಇನ್ನೂ ಮದುವೆಯಾಗದ ಕಾಲದಲ್ಲಿ, ತಮ್ಮನ ಹೆಸರು ಬರೆದುಕೊಟ್ಟು ಮರೆತವರು ಬೇಕಾದಷ್ಟು ಜನ. ಹಿರಿಯ ಪ್ರಾಧ್ಯಾಪಕರೊಬ್ಬರ ಪುಸ್ತಕದಲ್ಲಿ ಪತ್ನಿ ಎಂಬಲ್ಲಿ "ಅನ್ವಯಿಸುವುದಿಲ್ಲ" ಎಂದೇ ಇತ್ತು, ಅವರ ಮಗಳು ಆಗಲೇ ಡಾಕ್ಟರಿಕೆ ಓದುತ್ತಿದ್ದಳು. ದುರದೃಷ್ಟಕ್ಕೆ ಆ ದಿನ ಅವರ ಹೆಂಡತಿಯೂ ಜೊತೆಗೆ ಬಂದಿದ್ದರು. ಮುಂದಿನದನ್ನು ನಾನು ನೋಡಲಿಲ್ಲ, ಕುಲಸಚಿವರು ಕರೆದಿದ್ದಾರೆಂದು ಎದ್ದು ಹೊರಟುಬಿಟ್ಟೆ. ಯಾರೂ ಕರೆದಿರಲಿಲ್ಲ.

ಇವೆಲ್ಲ ಚಿಲ್ಲರೆ. ನಿಜವಾದ ಗಂಟು ಇದ್ದದ್ದು ಹುಟ್ಟಿದ ತಾರೀಖಿನಲ್ಲಿ. ಎಲ್ಲರ ವಿವರವೂ ಕಂಪ್ಯೂಟರಿಗೆ ಏರಿದ ಮೇಲೆ ಗಣಕ ಕೇಂದ್ರದ ಹುಡುಗ ಗಾಬರಿಯಿಂದ ಫೋನು ಮಾಡಿದ. "ಸಾರ್, ಡೇಟಾ ಏನೋ ಕೆಟ್ಟಿದೆ. ಇಷ್ಟೊಂದು ಜನ ಜೂನ್ ಒಂದನೇ ತಾರೀಖೇ ಹುಟ್ಟೋಕೆ ಹೇಗೆ ಸಾಧ್ಯ?"

ನಗರದ ಆಸ್ಪತ್ರೆಯಲ್ಲಿ ಹುಟ್ಟಿದ ಮಗು, ಅವನಿಗೇನು ಗೊತ್ತು. ನಮ್ಮ ತಲೆಮಾರಿನ ಹಳ್ಳಿಯ ಹುಡುಗರನ್ನು ಹಡೆದದ್ದು ತಾಯಿಯಾದರೂ ಹುಟ್ಟಿಸಿದ್ದು ಶಾಲೆಯ ಹೆಡ್‌ಮೇಷ್ಟ್ರು. ಜೂನಿನಲ್ಲಿ ಶಾಲೆ ಶುರುವಾಗುವಾಗ ಮಗುವನ್ನು ನಿಲ್ಲಿಸಿ, ತಲೆಯ ಮೇಲಿಂದ ಕೈ ಬಳಸಿ ಆಚೆ ಕಡೆಯ ಕಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ವಯಸ್ಸು ಆಯಿತೆಂದು ಅರ್ಥ. "ಯಾವಾಗ ಹುಟ್ಟಿದ್ದು?" ಎಂದರೆ ಅವ್ವ "ರಾಗಿ ಒಕ್ಕಣೆ ಟೈಮು, ಕೆಂದ ಹಸ ಕರು ಹಾಕಿತ್ತು" ಎನ್ನುತ್ತಿದ್ದಳು. ಮೇಷ್ಟ್ರು ಕರುವಿನ ತಂಟೆಗೆ ಹೋಗದೆ ಜೂನ್ 1 ಎಂದು ಬರೆದುಕೊಂಡು "ಮುಂದಿನವನು ಬಾರೋ" ಎನ್ನುತ್ತಿದ್ದರು. ಆ ಒಂದು ಗೀಟಿನ ಮೇಲೆ ನಮ್ಮ ಎಸ್‌ಎಸ್‌ಎಲ್‌ಸಿ, ನಮ್ಮ ನೌಕರಿ, ನಮ್ಮ ನಿವೃತ್ತಿ ಎಲ್ಲ ನಿಂತಿವೆ.

ನಿವೃತ್ತಿಯ ಲೆಕ್ಕ ಇನ್ನೂ ಚೆನ್ನಾಗಿದೆ. ಬೋಧಕೇತರರಿಗೆ 60, ಬೋಧಕರಿಗೆ 62. ಆ ವಯಸ್ಸು ತುಂಬಿದ ತಿಂಗಳ ಕೊನೆಯ ದಿನ ಮನೆಗೆ ಹೋಗಬೇಕು. ಆದರೆ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೋಗಬೇಕು. ಅಂದರೆ ಮೇಷ್ಟ್ರು ಅವತ್ತು ಸ್ವಲ್ಪ ಉದಾರಿಯಾಗಿ ಜೂನ್ 2 ಎಂದು ಬರೆದಿದ್ದರೆ ಪೂರ್ತಿ ಒಂದು ತಿಂಗಳ ಸಂಬಳ ಹೆಚ್ಚಿಗೆ ಸಿಗುತ್ತಿತ್ತು. ಅವರು ಬರೆಯಲಿಲ್ಲ. ಹಾಗಾಗಿ ಪ್ರತಿ ಮೇ 31ಕ್ಕೆ ನಮ್ಮಲ್ಲಿ ಸಾಮೂಹಿಕ ವಿದಾಯ. ಇರುವ ಒಂದು ಸಭಾಂಗಣಕ್ಕೆ ಹತ್ತಾರು ವಿಭಾಗಗಳ ಅರ್ಜಿ, ಪೇಟೆಯಲ್ಲಿ ಶಾಲಿಗೆ ಬರ. ಒಂದು ಸಮಾರಂಭದ ಹಣ್ಣಿನ ಬುಟ್ಟಿ ಅಲ್ಲಿಂದಲೇ ಇನ್ನೊಂದು ಸಮಾರಂಭಕ್ಕೆ ಹೋಗುವುದೂ ಉಂಟು. ಭಾಷಣದಲ್ಲಿ ಎಲ್ಲರೂ "ಇವರ ನಿವೃತ್ತಿ ತುಂಬಲಾರದ ನಷ್ಟ" ಎನ್ನುತ್ತಾರೆ. ಸಿಬ್ಬಂದಿ ಶಾಖೆಯವನಾಗಿ ಅದು ಅಕ್ಷರಶಃ ನಿಜವೆಂದು ಹೇಳಬಲ್ಲೆ. ಖಾಲಿ ಹುದ್ದೆ ತುಂಬಬೇಕಾದರೆ ಆರ್ಥಿಕ ಇಲಾಖೆ ಒಪ್ಪಬೇಕು, ಅದು ಒಪ್ಪುವುದಿಲ್ಲ.

ಮೇ ಹತ್ತಿರವಾದಂತೆ ಕೆಲವರಿಗೆ ತಾವು ನಿಜವಾಗಿ ಹುಟ್ಟಿದ್ದು ಯಾವಾಗ ಎಂಬುದು ಥಟ್ಟನೆ ಹೊಳೆಯುತ್ತದೆ. ಅಟ್ಟದ ಮೇಲೆ ಜಾತಕ ಸಿಗುತ್ತದೆ, ಅದರಲ್ಲಿ ವಯಸ್ಸು ಯಾವಾಗಲೂ ಕಡಿಮೆಯೇ ಇರುತ್ತದೆ. ಜಾಸ್ತಿ ವಯಸ್ಸು ತೋರಿಸುವ ಜಾತಕವನ್ನು ನಾನು ಈವರೆಗೆ ಕಂಡಿಲ್ಲ. ರಾಜ್ಯದ ನೌಕರರ ವಯಸ್ಸನ್ನು ನಿರ್ಧರಿಸಲು 1974ರದೊಂದು ಕಾಯ್ದೆಯೇ ಇದೆ, ತಿದ್ದುಪಡಿ ಬೇಕೆಂದರೆ ವಯಸ್ಸು ದಾಖಲಾದ ಮೂರು ವರ್ಷದೊಳಗೆ ಕೇಳಬೇಕು. ಸೇವೆಯ ಸಂಜೆಯಲ್ಲಿ ಬಂದು ಹಕ್ಕೆಂದು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯಲ್ಲಿ ಹೇಳಿದೆ. ಇದನ್ನೆಲ್ಲ ವಿವರಿಸಿದರೆ, "ಕೋರ್ಟಿಗಿಂತ ನಮ್ಮವ್ವಂಗೆ ಜಾಸ್ತಿ ಗೊತ್ತಿರಲ್ವಾ ಸಾರ್?" ಎಂದು ಕೇಳುತ್ತಾರೆ. ಇದಕ್ಕೆ ನನ್ನ ಬಳಿ ನಿಯಮದಲ್ಲಿ ಉತ್ತರವಿದೆ, ನ್ಯಾಯದಲ್ಲಿ ಇಲ್ಲ.

ಗಣಕ ಕೇಂದ್ರದ ಹುಡುಗನಿಗೆ ಇಷ್ಟೂ ಹೇಳಿ ಸಮಾಧಾನ ಮಾಡಿದೆ. ಅವನು ತಂತ್ರಾಂಶದಲ್ಲಿ ಒಂದು ಹೊಸ ಸೌಲಭ್ಯ ಇಟ್ಟಿರುವ ವಿಷಯವನ್ನು ಮಾತ್ರ ನನಗೆ ಹೇಳಲಿಲ್ಲ. ಜೂನ್ 1ರ ಬೆಳಿಗ್ಗೆ, ಹಿಂದಿನ ದಿನವಷ್ಟೇ ಹಾರ ಹಾಕಿಸಿಕೊಂಡು ಮನೆಗೆ ಹೋದವರ ಫೋನುಗಳಿಗೆಲ್ಲ ಕುಲಪತಿಗಳ ಹೆಸರಿನಲ್ಲಿ ಒಂದು ಸಂದೇಶ ಹೋಯಿತು: "ಜನ್ಮದಿನದ ಹಾರ್ದಿಕ ಶುಭಾಶಯಗಳು. ತಮ್ಮ ಅಮೂಲ್ಯ ಸೇವೆ ವಿಶ್ವವಿದ್ಯಾಲಯಕ್ಕೆ ಇನ್ನೂ ಬಹುಕಾಲ ದೊರೆಯುತ್ತಿರಲಿ."

ಹತ್ತೂವರೆಗೆ ಗ್ರಂಥಾಲಯದ ಅಟೆಂಡರ್ ಅಣ್ಣ ಬಂದರು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಸಂದೇಶದ ಪ್ರಿಂಟು. ಪ್ರಿಂಟನ್ನು ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಯೂ ತಂದಿದ್ದರು, ನಮ್ಮ ಶಾಖೆಯ ರೀತಿ ರಿವಾಜು ಅವರಿಗೆ ಚೆನ್ನಾಗಿ ಗೊತ್ತು.

"ನೋಡಿ ಸಾ, ದೊಡ್ಡ ಸಾಹೇಬ್ರೇ ಬರ್ದವ್ರೆ. ಇನ್ನೂ ಬಹುಕಾಲ ಅಂತ. ಎಷ್ಟು ವರ್ಷ ಅಂತ ನೀವು ನಮೂದು ಮಾಡ್ಕೊಟ್ರೆ ಡ್ಯೂಟಿಗೆ ಹೋಯ್ತೀನಿ."

"ಅಣ್ಣಾ, ಅದು ಮಿಷಿನ್ನು ತಾನಾಗೇ ಕಳ್ಸೋದು" ಎಂದರು ಮೇಡಂ.

"ಹೋದ್ ವರ್ಷ ನಂಗೆ ಮೆಮೋ ಕೊಟ್ಟಿದ್ದೂ ಮಿಷಿನ್ನೇ ಅಲ್ವಾ ತಾಯಿ? ಬೆರಳು ಒತ್ತಿದ್ದು ಬಿದ್ದಿಲ್ಲ ಅಂತ ಒಂದಿನದ ಸಂಬ್ಳ ಹಿಡುದ್ರಿ. ಅವತ್ತು ಮಿಷಿನ್ ಹೇಳಿದ್ದು ನಿಜ, ಇವತ್ತು ಸುಳ್ಳಾ?"

ಶಾಖೆ ಸ್ತಬ್ಧವಾಯಿತು. ಸರ್ಕಾರಿ ಸೇವಾ ನಿಯಮಗಳ ಪುಸ್ತಕವಾದ ಕೆಸಿಎಸ್‌ಆರ್ ಪೂರ್ತಿ ತಿರುವಿ ಹಾಕಿದರೂ ಈ ಪ್ರಶ್ನೆಗೆ ಉತ್ತರವಿಲ್ಲ. ಬಾಯಿಮಾತಿನಲ್ಲಿ ಕಳಿಸಿದರೆ ನಾಳೆ ತೊಂದರೆ, ಹಿಂಬರಹ ಕೊಡಬೇಕು. "ಸದರಿ ಶುಭಾಶಯವನ್ನು ಸೇವಾ ವಿಸ್ತರಣೆಯ ಆದೇಶವೆಂದು ಪರಿಗಣಿಸಲು ಅವಕಾಶವಿರುವುದಿಲ್ಲ" ಎಂದು ಮೇಡಂ ಕರಡು ಬರೆದು ಮಂಡಿಸಿದರು. ಸಹಾಯಕ ಕುಲಸಚಿವರು "ಕಾನೂನು ಕೋಶದ ಅಭಿಪ್ರಾಯ ಪಡೆಯಿರಿ" ಎಂದರು. ಕಾನೂನು ಕೋಶ "ಶುಭಾಶಯ ಹೊರಡಿಸಲು ಸಕ್ಷಮ ಪ್ರಾಧಿಕಾರ ಯಾವುದು?" ಎಂದು ಕೇಳಿತು. ಉಪ ಕುಲಸಚಿವರು "ಚರ್ಚಿಸಿ" ಎಂದು ಬರೆದು ರಜೆಯ ಮೇಲೆ ಹೋದರು. ಅಷ್ಟು ದಿನವೂ ಅಟೆಂಡರ್ ಅಣ್ಣ ಹತ್ತು ಗಂಟೆಗೆ ಗ್ರಂಥಾಲಯಕ್ಕೆ ಬಂದು ಪೇಪರು ಜೋಡಿಸಿ ಹೋಗುತ್ತಿದ್ದರು. ಅವರಿಲ್ಲದಿದ್ದರೆ ಜೋಡಿಸುವವರು ಯಾರೂ ಇಲ್ಲವಾದ್ದರಿಂದ ಗ್ರಂಥಪಾಲಕರು ಕಂಡೂ ಕಾಣದಂತಿದ್ದರು.

ಕೊನೆಗೆ, ನಿವೃತ್ತರ ಹೆಸರುಗಳನ್ನು ತಂತ್ರಾಂಶದಿಂದ ಕೂಡಲೇ ತೆಗೆಯುವಂತೆ ಗಣಕ ಕೇಂದ್ರಕ್ಕೆ ಆದೇಶ ಹೋಯಿತು. ತೆಗೆಯಲು ಕಾರಣ ಆರಿಸಬೇಕು. ಪಟ್ಟಿಯಲ್ಲಿ ಇದ್ದದ್ದು ಮೂರೇ: ರಾಜೀನಾಮೆ, ವಜಾ, ಮರಣ. ಹುಡುಗ ಒಳ್ಳೆಯ ಮನೆತನದವನು. ಹಿರಿಯರು ರಾಜೀನಾಮೆ ಕೊಟ್ಟಿಲ್ಲ, ವಜಾ ಎಂದರೆ ಅವಮಾನ. ಇದ್ದುದರಲ್ಲಿ ಗೌರವಯುತವಾದದ್ದನ್ನು ಆರಿಸಿದ.

ಮರುದಿನ ಅಟೆಂಡರ್ ಅಣ್ಣ ಈ ಬಾರಿ ಹೆಂಡತಿಯ ಫೋನು ಹಿಡಿದು ಬಂದರು. ಅದರಲ್ಲಿ ಕುಲಪತಿಗಳ ತೀವ್ರ ಸಂತಾಪವಿತ್ತು, ಕುಟುಂಬ ಪಿಂಚಣಿಗೆ ಯಾವ ಶಾಖೆಯನ್ನು ಕಾಣಬೇಕೆಂಬ ವಿವರವೂ ಇತ್ತು.

"ಜಗಲಿ ಮೇಲೆ ಕಾಫಿ ಕುಡೀತಾ ಕುಂತಿದ್ದೆ ಸಾ. ಇವ್ಳು ಬಂದು, ನೀವು ಹೋಗ್ಬುಟ್ರಂತೆ, ಆಫೀಸಿಂದ ಬಂದದೆ ಅಂದ್ಲು." ಅವರು ಕೋಪದಲ್ಲಿರಲಿಲ್ಲ. ಇಷ್ಟು ವರ್ಷ ನಮ್ಮೊಂದಿಗೆ ಏಗಿದವರಿಗೆ ಕೋಪ ಉಳಿದಿರುವುದಿಲ್ಲ. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಫೋಟೋ ಅಂಟಿಸಿ ಅಧಿಕಾರಿಯ ಸಹಿ, ಮೊಹರು ಎಲ್ಲ ಹಾಕಿಸಿದ ಜೀವಿತ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟರು. "ಬದ್ಕಿವ್ನಿ ಅಂತ ಬರ್ಸ್ಕಂಡು ಬಂದಿವ್ನಿ. ಇದ್ನಾದ್ರೂ ಇಟ್ಕಳಿ."

ಮೇಡಂ ಅದನ್ನು ಎರಡೂ ಬದಿ ತಿರುಗಿಸಿ ನೋಡಿದರು. ಸಹಿ ಸರಿಯಿತ್ತು, ಮೊಹರೂ ಸರಿಯಿತ್ತು.

"ಎಲ್ಲ ಸರಿಯಾಗಿದೆ ಅಣ್ಣಾ" ಎಂದು ಕಾಗದವನ್ನು ಮಡಿಸಿ ವಾಪಸು ಕೊಟ್ಟರು. "ಆದ್ರೆ ಇದನ್ನ ತಗೊಳ್ಳೋದು ನವೆಂಬರಲ್ಲಿ."