ಮಂಜು ಬಿದ್ದಾಗ ವಾಹನ ನಿಲ್ಲತಕ್ಕದ್ದಲ್ಲ

ಚಿಕ್ಕಮಗಳೂರಿನ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವು ಜೂನ್ ತಿಂಗಳ ಮೊದಲ ಭಾನುವಾರ ತುರ್ತು ಸಭೆ ಸೇರಿ, ಮನೆಯಂತಹ ವಾಹನಗಳ ನಿಲುಗಡೆ ನಿಯಮಾವಳಿಯನ್ನು ಸರ್ವಾನುಮತದಿಂದ ಅಂಗೀಕರಿಸಿತು. ಮಳೆಗೆ ಹೆದರದೆ ಬಂದಿದ್ದವರು ಹನ್ನೊಂದು ಮಂದಿ. ಅವರಲ್ಲಿ ಹತ್ತು ಮಂದಿ ಕೈ ಎತ್ತಿದರು. ಹನ್ನೊಂದನೆಯವರು ಬಡಾವಣೆಯ ಏಕೈಕ ಅಂತಹ ವಾಹನದ ಮಾಲೀಕರಾದ್ದರಿಂದ ಅವರ ಮತವನ್ನು ಎಣಿಸುವುದು ನ್ಯಾಯವಲ್ಲವೆಂದು ಅಧ್ಯಕ್ಷರು ತೀರ್ಪಿತ್ತರು.

ವಾಹನದ ಪರಿಚಯ ಹೇಳಬೇಕು. ನಮ್ಮ ಅಡ್ಡರಸ್ತೆಯಲ್ಲಿರುವ ತೋಟದ ಗೌಡರ ಮಗ, ಟೆಂಪೋ ಟ್ರಾವೆಲರ್ ಒಂದರ ಸೀಟುಗಳನ್ನೆಲ್ಲ ಕಿತ್ತು ಅದರೊಳಗೆ ಎರಡು ಮಂಚ, ಗ್ಯಾಸ್ ಒಲೆ, ನೀರಿನ ತೊಟ್ಟಿ, ಶೌಚಾಲಯಗಳನ್ನು ಕೂರಿಸಿ, ಅದಕ್ಕೆ ಕ್ಯಾರವಾನ್ ಎಂದು ಹೆಸರಿಟ್ಟು ಬೆಂಗಳೂರಿನಿಂದ ತಂದನು. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ತಪ್ಪಲಲ್ಲಿ ಮಲಗಿ, ಎದ್ದು, ಕಾಫಿ ಕುಡಿಯುವುದು ಅವನ ಉದ್ದೇಶವಾಗಿತ್ತು. ಘಾಟಿಯ ತಿರುವುಗಳಲ್ಲಿ ಎದುರಿನಿಂದ ಬಂದ ಜೀಪುಗಳಿಗೆ ದಾರಿ ಬಿಡಲಾಗದೆ ಅರ್ಧದಿಂದಲೇ ಹಿಂದಿರುಗಿದ ಆ ವಾಹನ, ಅಂದಿನಿಂದ ತಂದೆಯ ಮನೆಯೆದುರು ನಿಂತಿತು. ಮಗ ಬಸ್ಸು ಹತ್ತಿ ಬೆಂಗಳೂರಿಗೆ ಹೋದನು.

ನಿಯಮಾವಳಿಯ ಮೂಲದ ಬಗ್ಗೆ ಊರಿನ ಇತಿಹಾಸ ಬಲ್ಲವರು ಹೆಮ್ಮೆಪಡಬೇಕು. ರಾಜನೊಬ್ಬ ತನ್ನ ಹಿರಿಯ ಮಗಳಿಗೆ ಕೊಟ್ಟದ್ದು ಹಿರೇಮಗಳೂರು, ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟದ್ದು ಚಿಕ್ಕಮಗಳೂರು ಎಂಬುದು ನಮ್ಮ ಐತಿಹ್ಯ. ಸಂಘದ ಕಾರ್ಯದರ್ಶಿಗಳಿಗೂ ಇಬ್ಬರು ಹೆಣ್ಣುಮಕ್ಕಳು. ಹಿರಿಯಾಕೆ ಲಾಸ್ ಏಂಜಲೀಸ್‌ನಲ್ಲಿ, ಕಿರಿಯಾಕೆ ಮಿನಿಯಾಪೊಲಿಸ್‌ನಲ್ಲಿ ಇದ್ದಾರೆ. ಹಿಂದೆ ತಂದೆ ಮಕ್ಕಳಿಗೆ ಊರು ಕೊಡುತ್ತಿದ್ದನು. ಈಗ ಮಕ್ಕಳು ತಂದೆಗೆ ತಮ್ಮ ತಮ್ಮ ಊರಿನ ನಿಯಮಗಳನ್ನು ವಾಟ್ಸಾಪ್ ಮಾಡುತ್ತಾರೆ.

ಹಿರಿಯ ಮಗಳ ಊರಿನಲ್ಲಿ, ಫಲಕ ಹಾಕಿದ ಬೀದಿಗಳಲ್ಲಿ, 22 ಅಡಿಗಿಂತ ಉದ್ದದ ಅಥವಾ 7 ಅಡಿಗಿಂತ ಎತ್ತರದ ವಾಹನಗಳು ರಾತ್ರಿ 2ರಿಂದ ಬೆಳಗಿನ 6ರವರೆಗೆ ನಿಲ್ಲುವಂತಿಲ್ಲ. ಈ ಅಳತೆಯನ್ನು ಸಂಘವು ಹಾಗೆಯೇ ಸ್ವೀಕರಿಸಿ, ಜಾರಿಯ ಹೊಣೆಯನ್ನು ನಿವೃತ್ತ ಎಂಜಿನಿಯರರೊಬ್ಬರಿಗೆ ವಹಿಸಿತು. ಅವರ ಟೇಪು 15 ಅಡಿಯದು. ಎರಡು ಕಂತಿನಲ್ಲಿ ಅಳೆದಾಗ ಕ್ಯಾರವಾನ್ ಒಮ್ಮೆ 20 ಅಡಿ ಬಂತು, ಕಾರ್ಯದರ್ಶಿಗಳು ಪಕ್ಕದಲ್ಲಿ ನಿಂತಾಗ 23 ಬಂತು. ಎತ್ತರ ಮಾತ್ರ ನಿಸ್ಸಂದೇಹವಾಗಿ 7 ಅಡಿಯನ್ನು ಮೀರಿತ್ತು. ಅದೇ ಟೇಪನ್ನು ನೀರಿನ ಟ್ಯಾಂಕರಿಗೋ, ಕೊಯ್ಲಿನ ಕಾಲದಲ್ಲಿ ಕಾಫಿ ಮೂಟೆಗಳನ್ನು ಆಕಾಶದೆತ್ತರಕ್ಕೆ ಪೇರಿಸಿಕೊಂಡು ಅಧ್ಯಕ್ಷರ ಮನೆಯ ಮುಂದೆ ರಾತ್ರಿಯಿಡೀ ನಿಲ್ಲುವ ಪಿಕಪ್‌ಗೋ ಹಿಡಿಯಬಹುದಿತ್ತಲ್ಲವೇ ಎಂದು ನಾನು ಕೇಳಿದ್ದು ನಿಜ. ಅವುಗಳಲ್ಲಿ ಯಾರೂ ಮಲಗುವುದಿಲ್ಲವಲ್ಲ ಮೇಷ್ಟ್ರೇ ಎಂಬ ಉತ್ತರ ಬಂತು.

ಕಿರಿಯ ಮಗಳ ಊರಿನ ಕೊಡುಗೆ ಇದಕ್ಕಿಂತ ದೊಡ್ಡದು. ಅಲ್ಲಿ ಹಿಮ ವಿಪರೀತ ಬಿದ್ದಾಗ ತುರ್ತುಸ್ಥಿತಿ ಘೋಷಿಸಿ, ಯಂತ್ರಗಳು ರಸ್ತೆಯ ಹಿಮವನ್ನು ಬಾಚಿ ತೆಗೆಯುವವರೆಗೆ ಬೀದಿಬದಿಯ ವಾಹನಗಳನ್ನು ಬೇರೆಡೆಗೆ ಸಾಗಿಸಬೇಕೆಂಬ ನಿಯಮವಿದೆ. ಕಾರ್ಯದರ್ಶಿಗಳು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸುತ್ತೋಲೆಗಳನ್ನು ಕನ್ನಡಕ್ಕೆ ತಂದ ಅನುಭವಿಗಳು. ಅವರು ಸ್ನೋ ಎಂಬುದನ್ನು ಮಂಜು ಎಂದು ಅನುವಾದಿಸಿದರು. ಹೀಗಾಗಿ ನಿಯಮಾವಳಿಯ ಏಳನೆಯ ಕಲಮು ಹೀಗಿದೆ: "ಮಂಜು ಬೀಳುವ ಸಮಯದಲ್ಲಿ ಯಾವುದೇ ವಾಹನವು ರಸ್ತೆಬದಿಯಲ್ಲಿ ನಿಲ್ಲತಕ್ಕದ್ದಲ್ಲ, ಮಂಜನ್ನು ಸಂಪೂರ್ಣವಾಗಿ ಗುಡಿಸಿ ತೆಗೆದ ನಂತರವೇ ನಿಲ್ಲತಕ್ಕದ್ದು." ಮುಂಗಾರು ಹಿಡಿದ ದಿನದಿಂದ ಸಂಕ್ರಾಂತಿಯವರೆಗೆ ಎದುರುಮನೆಯ ತುಳಸಿಕಟ್ಟೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಕಾಣಿಸದ ಊರಿದು. ಕಲಮಿನ ಪ್ರತಿಯನ್ನು ಬೀದಿ ಗುಡಿಸಲು ಬರುವ ಅಕ್ಕನಿಗೂ ಕೊಡಲಾಯಿತು. ಆಕೆ ಓದಿಸಿಕೊಂಡು, ಪೊರಕೆಯನ್ನು ಗೋಡೆಗೆ ಒರಗಿಸಿ, "ಗುಡಿಸ್ತೀನಿ ಸ್ವಾಮಿ, ಆದ್ರೆ ಗುಡಿಸಿದ್ದನ್ನ ಹಸಿ ಕಸಕ್ಕೆ ಹಾಕ್ಲೋ ಒಣ ಕಸಕ್ಕೆ ಹಾಕ್ಲೋ?" ಎಂದು ಕೇಳಿದಳು. ಈ ಬಗ್ಗೆ ಉಪಸಮಿತಿ ರಚನೆಯಾಗಿದೆ.

ಇನ್ನು ಮೂಲಭೂತ ಪ್ರಶ್ನೆ: ಕ್ಯಾರವಾನ್ ಮನೆಯೋ ವಾಹನವೋ? ವಾಹನವೆಂದರೆ ಸಂಘಕ್ಕೆ ಅದರ ಮೇಲೆ ಅಧಿಕಾರವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೆಯ ಕಲಮಿನ ಪ್ರಕಾರ ನಿಲುಗಡೆಯ ಸ್ಥಳಗಳನ್ನು ಗೊತ್ತುಪಡಿಸುವುದು ರಾಜ್ಯ ಸರ್ಕಾರದ ಅಥವಾ ಅದು ಅಧಿಕಾರ ಕೊಟ್ಟವರ ಕೆಲಸ; ಮಾಸಿಕ ಚಂದಾ ವಸೂಲಿ ಮಾಡುವವರ ಕೆಲಸವಲ್ಲ. ಆದ್ದರಿಂದ ಖಜಾಂಚಿಗಳು ಅದನ್ನು ಮನೆಯೆಂದೇ ಪರಿಗಣಿಸಿ, ಬೆಂಗಳೂರಿನ ಪಾರ್ಕಿಂಗ್ ನೀತಿಯ ವಾರ್ಷಿಕ ಪರವಾನಗಿ ಶುಲ್ಕದ ಮಾದರಿಯಲ್ಲಿ ಒಂದಿಷ್ಟು ಸಂಗ್ರಹಿಸಿದರೆ ಸಂಘದ ಕಟ್ಟಡಕ್ಕೆ ಬಣ್ಣ ಹೊಡೆಸಬಹುದೆಂದು ಸೂಚಿಸಿದರು. ಗೌಡರು ಮರುಮಾತಿಲ್ಲದೆ ಒಪ್ಪಿದರು. "ಮನೆ ಅಂತ ಬರ್ಕೊಳ್ಳಿ ಸ್ವಾಮಿ, ಚಂದಾ ಕೊಡ್ತೀನಿ. ಮನೆಗೊಂದು ಓಟು ಅಂತ ಬೈಲಾದಲ್ಲೇ ಇದೆಯಲ್ಲ, ಮುಂದಿನ ಚುನಾವಣೇಲಿ ನನಗೆ ಎರಡು." ಕಳೆದ ಚುನಾವಣೆಯಲ್ಲಿ ಕಾರ್ಯದರ್ಶಿಗಳು ಗೆದ್ದದ್ದು ಒಂದೇ ಮತದ ಅಂತರದಿಂದ. ಅಂದು ಸಂಜೆಯೇ ಕ್ಯಾರವಾನ್ ಮತ್ತೆ ವಾಹನವಾಯಿತು.

ಕೇಂದ್ರದ ಕಾಯ್ದೆಯಲ್ಲಿ 127ನೆಯ ಕಲಮು ಇದೆಯೆಂಬುದನ್ನು ಯಾರೂ ಸಭೆಯಲ್ಲಿ ಪ್ರಸ್ತಾಪಿಸಲಿಲ್ಲ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಹೇಳಕೇಳುವವರಿಲ್ಲದೆ ಬಿಟ್ಟ ವಾಹನವನ್ನು ಎಳೆದೊಯ್ಯಲು ಅಥವಾ ಚಕ್ರಕ್ಕೆ ಬೀಗ ಹಾಕಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ನಮ್ಮ ಸಂಘವಾದರೋ ಕ್ಯಾಲಿಫೋರ್ನಿಯಾದ ಊರುಗಳ ಪದ್ಧತಿಯನ್ನು ಅನುಸರಿಸಿ 72 ಗಂಟೆಗಳ ಅವಕಾಶ ನೀಡಿತು. ಸಂಸತ್ತಿಗಿಂತ ಏಳು ಪಟ್ಟು ಉದಾರವಾದ ಕ್ಷೇಮಾಭಿವೃದ್ಧಿ ಸಂಘ ಬೇರೆಲ್ಲಿಯೂ ಇರಲಾರದು.

ರಸ್ತೆಯ ಮೇಲಿನ ಇತರ ವಸ್ತುಗಳು ನಿಯಮಾವಳಿಗೆ ಒಳಪಡುವುದಿಲ್ಲ. ಉಪಾಧ್ಯಕ್ಷರ ಮನೆಯ ಮೇಲಂತಸ್ತಿಗೆಂದು ಸುರಿದ ಜಲ್ಲಿಯ ರಾಶಿ ಎಂಟು ತಿಂಗಳಿಂದ ಇದೆ, ಅದರ ಮೇಲೆ ಗರಿಕೆ ಬೆಳೆದು ಪೂಜೆಗೆ ಒದಗುತ್ತಿದೆ, ಜಲ್ಲಿಗೆ ಚಕ್ರವಿಲ್ಲ. ಮದುವೆಯ ಶಾಮಿಯಾನ ರಸ್ತೆಯ ಎರಡೂ ಬದಿಯನ್ನು ಮುಚ್ಚುತ್ತದೆ, ಅದು ಶುಭಕಾರ್ಯ. ಗೇಟಿನೆದುರು ಜಾಗ ಹಿಡಿಯಲು ಇಟ್ಟ ಹೂಕುಂಡಗಳು ಪರಿಸರ ಸಂರಕ್ಷಣೆಯ ಲೆಕ್ಕಕ್ಕೆ ಹೋಗುತ್ತವೆ.

ಗೌಡರು ನಿಯಮವನ್ನು ಅಕ್ಷರಶಃ ಪಾಲಿಸಿದರು. ಪ್ರತಿ 72 ಗಂಟೆಗೊಮ್ಮೆ, ರಾಹುಕಾಲ ತಪ್ಪಿಸಿ, ಕ್ಯಾರವಾನ್‌ಗೆ ಕೀಲಿ ಕೊಟ್ಟು ನಾಲ್ಕು ಅಡಿ ಮುಂದಕ್ಕೆ ಸರಿಸಿ ಇಳಿಯುತ್ತಿದ್ದರು. ಎಷ್ಟು ದೂರ ಸರಿಸಬೇಕೆಂಬುದನ್ನು ಯಾವ ಮಗಳೂ ಬರೆದು ಕಳುಹಿಸಿರಲಿಲ್ಲ. ನಡುವಿನ ಮನೆಗಳವರು, ವಾಹನ ತಮ್ಮ ಗೇಟಿಗೆ ಬಂದಾಗ ಸಂಘದ ನಿಷ್ಠಾವಂತ ಸದಸ್ಯರಾಗಿಯೂ, ಅದು ದಾಟಿಹೋದ ಮೇಲೆ ಗೌಡರ ಸ್ನೇಹಿತರಾಗಿಯೂ ನಡೆದುಕೊಂಡರು. ಗಣೇಶನ ಪೆಂಡಾಲ್ ರಸ್ತೆಗೆ ಅಡ್ಡ ಬಂದಾಗ ಹತ್ತು ದಿನ ಪ್ರಯಾಣ ನಿಂತಿತು. ಆ ಹತ್ತು ದಿನ ನಿಯಮಾವಳಿಯೂ ನಿಂತಿತು, ಏಕೆಂದರೆ ಹರಿಕಥೆಯ ದಾಸರು ಬಟ್ಟೆ ಬದಲಿಸಲು ಬೇರೆ ಸ್ಥಳವಿರಲಿಲ್ಲ; ಮೊದಲ ರಾತ್ರಿ ಕಾರ್ಯದರ್ಶಿಗಳೇ ಅವರನ್ನು ಕೈಹಿಡಿದು ಕ್ಯಾರವಾನ್ ಹತ್ತಿಸಿದರು.

ನಮ್ಮಲ್ಲಿ ನಿವೇಶನಗಳೆಲ್ಲ 30 ಅಡಿ ಅಗಲದವು. ಗೌಡರ ಮನೆಯಿಂದ ಕಾರ್ಯದರ್ಶಿಗಳ ಮನೆ ಆರನೆಯದು, ಅಂದರೆ 180 ಅಡಿ. ನಾಲ್ಕು ಅಡಿಯಂತೆ 45 ಬಾರಿ, ಮೂರು ದಿನಕ್ಕೊಮ್ಮೆಯಂತೆ 135 ದಿನ, ಜೊತೆಗೆ ಗಣೇಶನ ಹತ್ತು. ಗಣಿತ ಪಾಠ ಮಾಡಿದವನಾದ್ದರಿಂದ ನನಗೆ ಈ ಲೆಕ್ಕ ಜೂನ್‌ನಲ್ಲಿಯೇ ಸಿಕ್ಕಿತ್ತು. ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಮಂಜು ಸರಿದಾಗ, ಕ್ಯಾರವಾನ್ ಕಾರ್ಯದರ್ಶಿಗಳ ಗೇಟನ್ನು ಎರಡೂ ಕಡೆ ಸಮನಾಗಿ ಮುಚ್ಚಿ ನಿಂತಿತ್ತು.

ಮತ್ತೊಂದು ತುರ್ತು ಸಭೆ ನಡೆದು, ವಾಹನಗಳನ್ನು ಇನ್ನು ಮುಂದೆ ಹಿಂದಕ್ಕೆ ಸರಿಸತಕ್ಕದ್ದೆಂಬ ತಿದ್ದುಪಡಿ ಅಂಗೀಕಾರವಾಯಿತು. ಗೌಡರು ಅಲ್ಲಿಯೇ ಎದ್ದುನಿಂತು ಒಪ್ಪಿಗೆ ಸೂಚಿಸಿ, 72 ಗಂಟೆಗೊಮ್ಮೆ ನಾಲ್ಕು ಅಡಿಯಂತೆ ಹಿಂದಕ್ಕೆ ಬರುವುದಾಗಿ ಲಿಖಿತವಾಗಿ ಕೊಟ್ಟರು. ಈ ಸಲ ನನ್ನನ್ನು ಕೇಳಿದರು. ಗೇಟು ಪೂರ್ತಿ ತೆರೆಯಲು ಹನ್ನೆರಡು ದಿನ ಬೇಕೆಂದು ಹೇಳಿದೆ. ಅಲ್ಲಿಯವರೆಗೆ ಕಾರ್ಯದರ್ಶಿಗಳ ಕಾರು ಅವರ ಕಾಂಪೌಂಡಿನೊಳಗೇ ಇರುತ್ತದೆ. ಒಳಗಿರುವ ವಾಹನಗಳಿಗೆ ನಿಯಮಾವಳಿ ಅನ್ವಯಿಸುವುದಿಲ್ಲ.